ಆ್ಯಪ್ ಆಟೊ ಪಲ್ಟಿಯಾದಾಗ ಹೊಣೆ ಯಾರದು? ಸಾರಿಗೆ ಸಚಿವರಿಗೂ ಧಾರವಾಡ ಜಿಲ್ಲಾಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ, ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯಲು ಕಾರಣವಿದೆ. ಆ್ಯಪ್ ಕಂಪನಿಗಳಿಗೆ ಲೈಸೆನ್ಸ್ ಕೊಡುವುದು ರಾಜ್ಯದ ಸಾರಿಗೆ ಇಲಾಖೆ. ಜಿಲ್ಲೆಯ ಆಟೊಗಳಿಗೆ ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ನಾನು ಕೇಳಲಿರುವ ಕೆಲಸಕ್ಕೆ ಇಬ್ಬರ ಸಹಿಯೂ ಬೇಕು.

ವಿಷಯ ಇಷ್ಟು. ಮೊಬೈಲಿನಲ್ಲಿ ಬುಕ್ ಮಾಡಿದ ಆಟೊ, ಕಾರು ಅಥವಾ ಬೈಕು ಅಪಘಾತಕ್ಕೆ ಸಿಕ್ಕಿದರೆ, ಅದರಲ್ಲಿದ್ದ ಪ್ರಯಾಣಿಕರಿಗೆ ಪರಿಹಾರ ಕೊಡಬೇಕಾದವರು ಯಾರು ಅನ್ನುವುದು ಆ ದಿನವೇ ಗೊತ್ತಾಗಬೇಕು. ಅದಕ್ಕೆ ಬೇಕಾದ ಕಾಗದಗಳನ್ನು ಆ್ಯಪ್ ಕಂಪನಿ ತಾನಾಗಿಯೇ ಪೊಲೀಸರಿಗೂ ಗಾಯಾಳುವಿಗೂ ಕೊಡಬೇಕು. ಸರ್ಕಾರದ ಬೊಕ್ಕಸದಿಂದ ಹಣ ಕೊಡಿ ಅಂತ ನಾನು ಕೇಳುತ್ತಿಲ್ಲ. ಹಣಕ್ಕೆ ಕಾನೂನಿನಲ್ಲಿ ದಾರಿ ಇದೆ. ಆ ದಾರಿ ಹಿಡಿಯಲು ಬೇಕಾದ ಕಾಗದವೇ ಜನರ ಕೈಗೆ ಸಿಗುತ್ತಿಲ್ಲ.

ನಾನು ವಕೀಲೆ ಅಲ್ಲ. ಹುಬ್ಬಳ್ಳಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ. ಅಪಘಾತದ ಪರಿಹಾರ ಕೇಳುವ ಅರ್ಜಿಗಳಿಗೆ ನಮ್ಮಲ್ಲಿ ಎಂವಿಸಿ ಅನ್ನುತ್ತಾರೆ. ವಿದ್ಯಾನಗರದ ಕೋರ್ಟಿಗೆ ಹೋಗುವ ಆ ಅರ್ಜಿಗಳನ್ನು ವರ್ಷಗಳಿಂದ ಟೈಪ್ ಮಾಡುತ್ತಾ ಬಂದಿದ್ದೇನೆ. ಗಾಯಾಳುವಿನ ಹೆಸರು, ವಯಸ್ಸು, ಉದ್ಯೋಗ, ತಿಂಗಳ ಆದಾಯ, ಗಾಡಿ ನಂಬರ್. ಆಮೇಲೆ ಎದುರುದಾರರು. ಒಂದನೇ ಎದುರುದಾರ ಗಾಡಿಯ ಮಾಲೀಕ, ಎರಡನೆಯದು ವಿಮಾ ಕಂಪನಿ. ಸಾರಿಗೆ ಸಂಸ್ಥೆಯ ಬಸ್ಸಿನ ಕೇಸಾದರೆ ಇನ್ನೂ ಸುಲಭ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿ ಇದೇ ಊರಲ್ಲಿದೆ. ವಿಳಾಸ ಹುಡುಕುವ ಮಾತೇ ಇಲ್ಲ.

ಆ್ಯಪ್ ಗಾಡಿಯ ಕೇಸು ಬಂದಾಗ ಮಾತ್ರ ಎದುರುದಾರರ ಜಾಗಕ್ಕೆ ಬಂದು ಕೈ ನಿಲ್ಲುತ್ತದೆ. ಓಡಿಸಿದವನು ಒಬ್ಬ. ಆ್ಯಪಿನಲ್ಲಿ ಫೋಟೊ ಇರುವುದು ಇನ್ನೊಬ್ಬನದು. ಆರ್‌ಸಿ ಮೂರನೆಯವರ ಹೆಸರಲ್ಲಿ. ಬುಕಿಂಗ್ ತಗೊಂಡದ್ದು ಬೇರೆ ಊರಲ್ಲಿ ಆಫೀಸಿರುವ ಕಂಪನಿ. ಇವರಲ್ಲಿ ಯಾರ ವಿಮೆ, ಯಾವ ವಿಮೆ, ಆ ದಿನ ಚಾಲ್ತಿಯಲ್ಲಿತ್ತೋ ಇಲ್ಲವೋ? ಇದನ್ನು ಹುಡುಕುವ ಕೆಲಸ ಪೂರ್ತಿ ಕಾಲು ಮುರಿದುಕೊಂಡವರ ತಲೆಯ ಮೇಲೆ ಬೀಳುತ್ತದೆ.

ಹಾಗಂತ ಇದು ಆ್ಯಪ್ ಬೇಡ ಅನ್ನುವ ಪತ್ರ ಅಲ್ಲ. ಅವು ಹುಬ್ಬಳ್ಳಿಗೆ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಹಳೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಶ್ವಾಪುರಕ್ಕೆ ಎಷ್ಟು ಅಂತ ಚೌಕಾಶಿ ಮಾಡುವುದು ತಪ್ಪಿತು. ರಾತ್ರಿ ರೈಲಿಳಿದು ಬರುವ ಹೆಣ್ಣುಮಕ್ಕಳಿಗೆ ಗಾಡಿ ನಂಬರ್, ಚಾಲಕನ ಹೆಸರು ಮೊದಲೇ ಗೊತ್ತಾಗುತ್ತದೆ. ಆ ನಂಬಿಕೆಯ ಮೇಲೇ ತಾನೆ ಜನ ಹತ್ತುವುದು? ನಂಬಿಸಿ ಹತ್ತಿಸಿಕೊಂಡವರು ಪಲ್ಟಿಯಾದಾಗಲೂ ಜೊತೆಗಿರಬೇಕು.

ನನ್ನ ಅಕ್ಕನ ವಿಷಯ ಹೇಳುತ್ತೇನೆ. ಕೇಸು ಇನ್ನೂ ಕೋರ್ಟಿನಲ್ಲಿದೆ. ಹಾಗಾಗಿ ಆ್ಯಪ್ ಯಾವುದು, ವಿಮಾ ಕಂಪನಿ ಯಾವುದು, ಆಸ್ಪತ್ರೆ ಯಾವುದು ಅಂತ ಬರೆಯುವುದಿಲ್ಲ. ಅದರ ಅಗತ್ಯವೂ ಇಲ್ಲ. ಯಾವ ಆ್ಯಪಿನಲ್ಲಿ ಹತ್ತಿದವರಿಗೂ ಇದೇ ಗತಿ ಬರಬಹುದು.

ಅಕ್ಕ ನವನಗರದಲ್ಲಿ ಟೇಲರಿಂಗ್ ಮಾಡುತ್ತಾಳೆ. ಬ್ಲೌಸು, ಸೀರೆ ಫಾಲು, ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಯೂನಿಫಾರ್ಮು. ಒಂದು ಸಂಜೆ ಹುಬ್ಬಳ್ಳಿ ಪೇಟೆಯಲ್ಲಿ ಲೈನಿಂಗ್ ಬಟ್ಟೆ ತಗೊಂಡು ಆ್ಯಪಿನಲ್ಲಿ ಆಟೊ ಬುಕ್ ಮಾಡಿ ಮನೆಗೆ ಹೊರಟಿದ್ದಳು. ಉಣಕಲ್ ದಾಟಿದ ಮೇಲೆ ಬೈಕೊಂದು ಅಡ್ಡ ಬಂತು. ತಪ್ಪಿಸಲು ಹೋಗಿ ಆಟೊ ಪಲ್ಟಿಯಾಯಿತು. ಅಕ್ಕನ ಎಡಗಾಲಿನಲ್ಲಿ ಮೊಣಕಾಲ ಕೆಳಗೆ ಎರಡೂ ಎಲುಬು ಮುರಿದವು. ರಾಡ್ ಹಾಕಿದ್ದಾರೆ.

ಆಸ್ಪತ್ರೆಯಲ್ಲಿ ಅವಳ ಫೋನ್ ತೆಗೆದು ನೋಡಿದೆ. ಗಾಜು ಒಡೆದಿತ್ತು, ಫೋನ್ ಮಾತ್ರ ನಡೆಯುತ್ತಿತ್ತು. ಆ್ಯಪಿನಿಂದ ಒಂದು ಮೆಸೇಜ್ ಬಂದಿತ್ತು. ನಿಮ್ಮ ಪ್ರಯಾಣ ಮುಗಿದಿದೆ, ಚಾಲಕರಿಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ. ಮನೆ ಮುಟ್ಟಲು ಇನ್ನೂ ಭೈರಿದೇವರಕೊಪ್ಪ ದಾಟಬೇಕಿತ್ತು. ಆ ಮೆಸೇಜ್ ಬಂದಾಗ ಅಕ್ಕ ರಸ್ತೆ ಬದಿಯಲ್ಲಿ ಬಿದ್ದಿದ್ದಳು.

ಚಾಲಕ ಆಸ್ಪತ್ರೆಗೆ ಬಂದಿದ್ದ. ಅವನ ಭುಜಕ್ಕೂ ಪೆಟ್ಟಾಗಿತ್ತು. ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದ: "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಆಕ್ಸಿಡೆಂಟ್ ಅಂತ ಗೊತ್ತಾದ್ರ ಐಡಿ ಬ್ಲಾಕ್ ಮಾಡ್ತಾರ್ರಿ. ಗಾಬರಿ ಆಗಿ ಟ್ರಿಪ್ ಕ್ಲೋಸ್ ಮಾಡಿಬಿಟ್ಟೆ." ಆ ಐಡಿ ಕೂಡ ಅವನದಲ್ಲ, ಅವನ ಮಾವನದು. ಆಟೊ ದಿನದ ಬಾಡಿಗೆಗೆ ತಂದದ್ದು.

ಕಂಪನಿಗೆ ಬರೆದೆವು. ಮೊದಲು ಯಂತ್ರ ಕೊಟ್ಟ ಉತ್ತರಗಳು ಬಂದವು. ಕೊನೆಗೆ ಬಂದ ಉತ್ತರದ ಸಾರ ಇದು: ನಮ್ಮ ದಾಖಲೆಯ ಪ್ರಕಾರ ನಿಮ್ಮ ಪ್ರಯಾಣ ಮುಗಿದಿತ್ತು. ಪ್ರಯಾಣಿಕರ ವಿಮೆ ಪ್ರಯಾಣ ನಡೆಯುತ್ತಿರುವಾಗ ಮಾತ್ರ. ಟ್ರಿಪ್ ವಿವರ ಬೇಕಿದ್ದರೆ ಕೋರ್ಟ್ ಆದೇಶ ತನ್ನಿ.

ಒಬ್ಬ ಹೆದರಿದ ಮನುಷ್ಯ ಒಂದು ಬಟನ್ ಒತ್ತಿದ. ಅಷ್ಟಕ್ಕೇ ನನ್ನ ಅಕ್ಕ ಕಂಪನಿಯ ಲೆಕ್ಕದಲ್ಲಿ ಪ್ರಯಾಣಿಕಳೇ ಅಲ್ಲ ಅಂತಾಯಿತು. ಆದರೆ ಆಟೊ ಎಲ್ಲಿ ನಿಂತಿತು, ಎಷ್ಟು ಹೊತ್ತಿಗೆ ನಿಂತಿತು, ಮನೆಯ ವಿಳಾಸಕ್ಕೆ ಇನ್ನೂ ಎಷ್ಟು ದೂರವಿತ್ತು ಅನ್ನುವುದೆಲ್ಲ ಅವರ ಸರ್ವರಿನಲ್ಲೇ ಇದೆ. ಅದನ್ನು ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಇಲ್ಲಿ ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪತ್ರ ಓದುವ ಸಾಮಾನ್ಯ ಜನರಿಗೂ ಇದು ಗೊತ್ತಿರಲಿ.

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಪರ್ಮಿಟ್ ಇರುವ ಆಟೊ, ಟ್ಯಾಕ್ಸಿಯಾದರೆ ಆ ಕಡ್ಡಾಯ ವಿಮೆಯಲ್ಲಿ ಒಳಗೆ ಕೂತ ಪ್ರಯಾಣಿಕರೂ ಸೇರುತ್ತಾರೆ. ಹಾಗಾಗಿ ಪರ್ಮಿಟ್, ವಿಮೆ ಎರಡೂ ಸರಿ ಇದ್ದರೆ ಪರಿಹಾರ ಕೊಡಬೇಕಾದದ್ದು ಆಟೊದ ವಿಮಾ ಕಂಪನಿಯೇ. ವಿಮೆ ಮುಗಿದಿದ್ದರೆ ಹೊಣೆ ಮಾಲೀಕನ ತಲೆಗೆ ಬರುತ್ತದೆ. ಒಂದು ಆಟೊ ಬಾಡಿಗೆಗೆ ಬಿಟ್ಟು ಬದುಕುವ ಮಾಲೀಕನ ಹತ್ತಿರ ಲಕ್ಷಗಟ್ಟಲೆ ವಸೂಲಿ ಮಾಡುವುದು ಎಷ್ಟು ಕಷ್ಟ ಅನ್ನುವುದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಗೊತ್ತು. ತೀರ್ಪು ಕೈಯಲ್ಲಿರುತ್ತದೆ, ಹಣ ಇರುವುದಿಲ್ಲ.

2019ರ ತಿದ್ದುಪಡಿಯಲ್ಲಿ ಆ್ಯಪ್ ಕಂಪನಿಗಳು ಮೊದಲ ಸಲ ಈ ಕಾಯ್ದೆಯೊಳಗೆ ಬಂದವು. ಅವುಗಳಿಗೆ ಲೈಸೆನ್ಸ್ ಕಡ್ಡಾಯವಾಯಿತು. ಆದರೆ ಕಾಯ್ದೆ ಅವರನ್ನು ವಿವರಿಸುವುದು ಪ್ರಯಾಣಿಕರನ್ನೂ ಚಾಲಕರನ್ನೂ ಜೋಡಿಸುವ ಡಿಜಿಟಲ್ ಮಧ್ಯವರ್ತಿ ಅಂತ. ಕೋರ್ಟಿನಲ್ಲಿ ಅವರು ಹಿಡಿದುಕೊಳ್ಳುವುದು ಈ ಮಾತನ್ನೇ. ನಾವು ಗಾಡಿಯ ಮಾಲೀಕರಲ್ಲ, ಚಾಲಕ ನಮ್ಮ ನೌಕರನಲ್ಲ, ನಾವು ಬರೀ ಸಾಫ್ಟ್‌ವೇರ್ ಅನ್ನುತ್ತಾರೆ. ಈಗಂತೂ ಕೆಲವು ಆ್ಯಪ್‌ಗಳು ಆಟೊದವರಿಂದ ಕಮಿಷನ್ ಬದಲು ದಿನಕ್ಕಿಷ್ಟು ಅಂತ ಫೀ ತಗೊಳ್ಳುತ್ತಿವೆ. ಹಾಗಾಗಿ ಈ ವಾದಕ್ಕೆ ಇನ್ನಷ್ಟು ಬಲ ಬಂದಿದೆ.

ಈ ವಾದವನ್ನು ನಾನು ಒಪ್ಪುವುದಿಲ್ಲ. ಸುಮ್ನೆ ಸಿಟ್ಟಿಗೆ ಹೇಳುತ್ತಿಲ್ಲ. ರಾಜಸ್ಥಾನದ ಸಾರಿಗೆ ಸಂಸ್ಥೆ ಖಾಸಗಿಯವರ ಬಸ್ಸನ್ನು ಬಾಡಿಗೆಗೆ ಪಡೆದು ತನ್ನ ರೂಟಿನಲ್ಲಿ ಓಡಿಸುತ್ತಿತ್ತು. ಅಪಘಾತವಾದಾಗ ಬಸ್ಸು ನಮ್ಮದಲ್ಲ, ಚಾಲಕನೂ ನಮ್ಮವನಲ್ಲ ಅಂದಿತು. 1997ರಲ್ಲಿ ಕೈಲಾಶ್ ನಾಥ್ ಕೊಠಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆರ್‌ಸಿಯಲ್ಲಿ ಹೆಸರು ಯಾರದೇ ಇರಲಿ, ಗಾಡಿ ಯಾರ ಹಿಡಿತದಲ್ಲಿ ಓಡುತ್ತಿತ್ತು ಅನ್ನುವುದನ್ನು ನೋಡಬೇಕು ಅಂತ ಹೇಳಿ ಸಂಸ್ಥೆಯನ್ನೇ ಹೊಣೆ ಮಾಡಿತು. ಈಗ ಆ್ಯಪನ್ನು ನೋಡಿ. ಯಾವ ಗಾಡಿ ಬರಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ದರ ತೋರಿಸುತ್ತದೆ, ದಾರಿ ತೋರಿಸುತ್ತದೆ. ಬೇಡವೆನಿಸಿದರೆ ಐಡಿ ಬ್ಲಾಕ್ ಮಾಡಿ ಚಾಲಕನ ಅನ್ನಕ್ಕೇ ಕೈ ಹಾಕುತ್ತದೆ. ಇಷ್ಟು ಹಿಡಿತ ಇದ್ದಮೇಲೆ ಹೊಣೆ ಮಾತ್ರ ಬೇಡ ಅಂದರೆ ಹೇಗೆ? ಆ ತೀರ್ಪು ಬಸ್ಸಿನದು, ಆ್ಯಪಿನದಲ್ಲ ಅನ್ನುವುದು ನನಗೂ ಗೊತ್ತು. ಅದಕ್ಕೇ ಕೇಸು ಕೇಸಿಗೂ ವಾದ ಮಾಡುವ ಬದಲು ಲೈಸೆನ್ಸಿನ ಷರತ್ತಿನಲ್ಲೇ ಇದನ್ನು ಬರೆದುಬಿಡಿ ಅನ್ನುತ್ತಿದ್ದೇನೆ.

ಕೇಂದ್ರ ಸರ್ಕಾರ 2025ರ ಜುಲೈ 1ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಪ್ರಯಾಣಿಕರಿಗೆ ಕನಿಷ್ಠ 5 ಲಕ್ಷ ರೂಪಾಯಿ ವಿಮೆ ಇರಬೇಕು ಅಂತಿದೆ. ಚಾಲಕರಿಗೆ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಟರ್ಮ್ (ಜೀವ) ವಿಮೆ 2020ರ ಮಾರ್ಗಸೂಚಿಯಲ್ಲೇ ಇತ್ತು. ಆದರೆ ಮಾರ್ಗಸೂಚಿ ಪಾಲಿಸುವುದು ರಾಜ್ಯಗಳಿಗೆ ಬಿಟ್ಟ ವಿಷಯ. ನಮ್ಮ ರಾಜ್ಯದ ಅಗ್ರಿಗೇಟರ್ ನಿಯಮಗಳು, ಅಂದರೆ ಆ್ಯಪ್ ಕಂಪನಿಗಳ ನಿಯಮಗಳು, 2016ರವು. ಸಚಿವರೇ, 5 ಲಕ್ಷದ ಆ ವಿಮೆ ನಮ್ಮ ಊರಿನ ಆಟೊ ಪ್ರಯಾಣಿಕರಿಗೂ ಸಿಗಬೇಕಾದರೆ ನಿಮ್ಮ ಇಲಾಖೆಯೇ ಅದನ್ನು ಕಡ್ಡಾಯ ಮಾಡಬೇಕು. ವಿಮೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದೂ ಅದರಲ್ಲಿ ಸ್ಪಷ್ಟವಾಗಿರಬೇಕು. ಒಟಿಪಿ ಹೇಳಿ ಗಾಡಿ ಹತ್ತಿದಲ್ಲಿಂದ, ಬುಕ್ ಮಾಡಿದ ಜಾಗದಲ್ಲಿ ಇಳಿಯುವವರೆಗೆ. ಮಧ್ಯದಲ್ಲಿ ಯಾರು ಯಾವ ಬಟನ್ ಒತ್ತಿದರೂ ಅದು ನಿಲ್ಲಬಾರದು.

ವೈಟ್ ಬೋರ್ಡ್, ಅಂದರೆ ಬಿಳಿ ನಂಬರ್ ಪ್ಲೇಟಿನ ಖಾಸಗಿ ಗಾಡಿಗಳ ಕಥೆ ಇದಕ್ಕಿಂತ ಕೆಟ್ಟದು. ಬೈಕ್ ಟ್ಯಾಕ್ಸಿ ಬೇಕೋ ಬೇಡವೋ ಅನ್ನುವ ಜಗಳ ಹೈಕೋರ್ಟಿನವರೆಗೆ ಹೋಗಿದ್ದು, 2025ರ ಜೂನ್ 16ರಂದು ರಾಜ್ಯದಲ್ಲಿ ಅವು ಒಮ್ಮೆ ನಿಂತದ್ದು ಎಲ್ಲರಿಗೂ ಗೊತ್ತಿದೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ವೈಟ್ ಬೋರ್ಡ್ ಬೈಕಿನ ಹಿಂದೆ ಬಾಡಿಗೆ ಕೊಟ್ಟು ಕೂತು ಬಿದ್ದವರ ಕಷ್ಟ ಮಾತ್ರ ಹೇಳುತ್ತೇನೆ. ಖಾಸಗಿ ಗಾಡಿಯ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಬಾರದು ಅನ್ನುವ ಷರತ್ತಿರುತ್ತದೆ. ನಾನು ಆ್ಯಪಿನಲ್ಲಿ ಬುಕ್ ಮಾಡಿ ಹೋಗುತ್ತಿದ್ದೆ ಅಂತ ನಿಜ ಹೇಳಿದರೆ ವಿಮಾ ಕಂಪನಿ ಆ ಷರತ್ತು ತೋರಿಸುತ್ತದೆ. ಪರಿಚಯದವರು ಲಿಫ್ಟ್ ಕೊಟ್ಟರು ಅಂತ ಹೇಳಿಸಿದರೆ ಆಗಲೂ ಉಳಿಗಾಲವಿಲ್ಲ. ಬರೀ ಥರ್ಡ್ ಪಾರ್ಟಿ ವಿಮೆ ಇರುವ ಬೈಕಿನಲ್ಲಿ ಪುಕ್ಕಟೆ ಹಿಂದೆ ಕೂತವರು ಆ ಪಾಲಿಸಿಯಲ್ಲಿ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಥರ್ಡ್ ಪಾರ್ಟಿ ಜೊತೆ ಗಾಡಿಯ ಹಾನಿಗೂ ವಿಮೆ ಇರುವ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದೆ ಕೂತವರೂ ಸೇರುತ್ತಾರೆ. ಆದರೆ ಹತ್ತುವ ಹೊತ್ತಿನಲ್ಲಿ ಯಾರ ಬೈಕಿಗೆ ಯಾವ ಪಾಲಿಸಿ ಅಂತ ಯಾರಿಗೆ ಗೊತ್ತಾಗುತ್ತದೆ?

ಇದರಿಂದ ಏನಾಗುತ್ತಿದೆ ಅಂದರೆ, ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಗಾಯ ಹೇಗಾಯಿತು ಅಂತ ಪೊಲೀಸರಿಗಾಗಿ ಬರೆಯುವ ದಾಖಲೆ, ಬರೆಸುವಾಗಲೇ ಜನ ಸುಳ್ಳು ಹೇಳಲು ಶುರು ಮಾಡುತ್ತಾರೆ. ಪಕ್ಕದ ಬೆಡ್ಡಿನವರು ಯಾರೋ ಹೀಗೆ ಹೇಳ್ರಿ, ಹಾಂಗ ಹೇಳಬ್ಯಾಡ್ರಿ ಅಂತ ಬುದ್ಧಿ ಹೇಳಿರುತ್ತಾರೆ. ಆ ಒಂದು ಸಾಲು ಮುಂದೆ ಎಫ್‌ಐಆರ್‌ಗೂ ಚಾರ್ಜ್‌ಶೀಟಿಗೂ ಹೊಂದುವುದಿಲ್ಲ. ಪಾಟೀ ಸವಾಲಿನಲ್ಲಿ ಗಾಯಾಳುವೇ ಸುಳ್ಳುಗಾರ ಆಗಿ ನಿಲ್ಲುತ್ತಾನೆ. ನಿಜ ಹೇಳಿದವರಿಗೆ ನಷ್ಟವಾಗುವಂಥ ವ್ಯವಸ್ಥೆ ಇದು. ಇದನ್ನು ಸರಿಮಾಡುವುದು ಗಾಯಾಳುವಿನ ಕೈಯಲ್ಲಿಲ್ಲ. ಬಾಡಿಗೆಗೆ ವಿಮೆ ಇಲ್ಲದ ಗಾಡಿಗೆ ಬುಕಿಂಗ್ ಕೊಟ್ಟ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಯಾರಿಂದ ಬೇಕೋ ವಸೂಲಿ ಮಾಡಿಕೊಳ್ಳಲಿ. ಷರತ್ತು ಮುರಿದ ಎಷ್ಟೋ ಕೇಸುಗಳಲ್ಲಿ ಕೋರ್ಟುಗಳು ವಿಮಾ ಕಂಪನಿಗೆ ಹೀಗೇ ಹೇಳುತ್ತವೆ. ವಕೀಲರ ಬಾಯಲ್ಲಿ ಇದಕ್ಕೆ ಪೇ ಅಂಡ್ ರಿಕವರಿ ಅಂತ ಹೆಸರು. ಆ್ಯಪ್ ಕಂಪನಿಗೂ ಅದೇ ನಿಯಮ ಇರಲಿ.

ಪರಿಹಾರದ ಮೊತ್ತದ ಬಗ್ಗೆಯೂ ಎರಡು ಮಾತು ಹೇಳಬೇಕು. ಅಕ್ಕನ ವಿಷಯದಲ್ಲಿ ನನಗೆ ತುಂಬಾ ನೋವಾದದ್ದು ಇಲ್ಲೇ. ವಿಮಾ ಕಂಪನಿಯ ಕಡೆಯವರೊಬ್ಬರು, ಹೊಲಿಗೆ ಅಂದರೆ ಕೂತು ಕೈಯಲ್ಲಿ ಮಾಡುವ ಕೆಲಸ ಅಲ್ವಾ, ಕಾಲಿನದೇನು ಅಂದರು. ಅಕ್ಕನ ಮಿಷನ್ ಕಾಲಲ್ಲಿ ತುಳಿಯುವಂಥದ್ದು. ಪಾದ ಮುಂದೆ ಹಿಂದೆ ಆಡಬೇಕು. ಈಗ ಅವಳ ಎಡಪಾದ ಪೂರ್ತಿ ಬಾಗುವುದಿಲ್ಲ. ಬಲಗಾಲೊಂದರಲ್ಲೇ ತುಳಿದರೆ ಸ್ವಲ್ಪ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಮೋಟರ್ ಹಾಕಿಸಿ ಅಂದರು. ಮೋಟರ್ ಹಾಕಿಸಿದರೂ ಅದನ್ನು ಒತ್ತುವುದು ಕಾಲಲ್ಲೇ. ಕತ್ತರಿಸುವ ಕೆಲಸಕ್ಕೆ ಮೇಜಿನ ಮುಂದೆ ನಿಲ್ಲಬೇಕು. ಯೂನಿಫಾರ್ಮಿನ ಆರ್ಡರ್‌ಗಳನ್ನು ಅವಳು ಬಿಟ್ಟಿದ್ದಾಳೆ.

2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ. ಅಂಗ ಎಷ್ಟು ಊನವಾಯಿತು ಅಂತ ಮಾತ್ರ ನೋಡಿದರೆ ಸಾಲದು. ಆ ಊನದಿಂದ ಆ ಮನುಷ್ಯನ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅಂತ ನೋಡಬೇಕು. ಲೆಕ್ಕದಲ್ಲಿ ಇದು ಎಷ್ಟು ದೊಡ್ಡದು ಅಂತ ಒಂದು ಉದಾಹರಣೆ ಕೊಡುತ್ತೇನೆ. ತಿಂಗಳಿಗೆ 15,000 ರೂಪಾಯಿ ದುಡಿಯುವ, 42 ವರ್ಷದ ಒಬ್ಬರು ಅಂತ ಇಟ್ಟುಕೊಳ್ಳಿ. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಈ ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 14. ದುಡಿಮೆಯ ನಷ್ಟ ಶೇ 10 ಅಂತ ಹಿಡಿದರೆ 2,52,000 ರೂಪಾಯಿ. ಶೇ 20 ಅಂತ ಹಿಡಿದರೆ 5,04,000. ಕೂತು ಮಾಡುವ ಕೆಲಸ ತಾನೆ ಅನ್ನುವ ಒಂದು ಮಾತಿನಲ್ಲಿ ಎರಡೂವರೆ ಲಕ್ಷ ಹೋಗುತ್ತದೆ. ಪಗಾರದ ಚೀಟಿ ಇಲ್ಲದ ಟೇಲರ್, ಗೌಂಡಿ, ತರಕಾರಿ ಮಾರುವವರಿಗೆ ಆದಾಯ ತೋರಿಸುವುದೇ ಒಂದು ದೊಡ್ಡ ಕಷ್ಟ. ಅದರ ಮೇಲೆ ನೀವು ಆ ಗಾಡಿಯಲ್ಲಿ ಇದ್ದಿರಿ ಅನ್ನುವುದಕ್ಕೆ ಸಾಕ್ಷಿ ಏನು ಅಂತಲೂ ಕೇಳಿದರೆ ಅವರು ಎಲ್ಲಿಗೆ ಹೋಗಬೇಕು?

ಆ ಚಾಲಕನ ಮೇಲೆ ನನಗೆ ಸಿಟ್ಟಿಲ್ಲ. ಅವನ ಭುಜದ ಚಿಕಿತ್ಸೆಗೆ ಯಾರೂ ಹಣ ಕೊಡಲಿಲ್ಲ. ಬೇರೆಯವರ ಐಡಿಯಲ್ಲಿ ಓಡಿಸುತ್ತಿದ್ದ ಕಾರಣ ಕೇಳಲೂ ಅವನಿಗೆ ಧೈರ್ಯವಿರಲಿಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿಯೇ ಕಾಯ್ದೆ ಮಾಡಿದೆ. ಒಳ್ಳೆಯ ಕೆಲಸ. ಆದರೆ ಅಪಘಾತ ಆದ ಕೂಡಲೇ ಐಡಿ ಹೋಗುತ್ತದೆ ಅನ್ನುವ ಹೆದರಿಕೆ ಇರುವವರೆಗೆ ಚಾಲಕರು ಟ್ರಿಪ್ ಮುಚ್ಚುತ್ತಲೇ ಇರುತ್ತಾರೆ. ವಿಚಾರಣೆ ಮಾಡದೆ ಐಡಿ ಬ್ಲಾಕ್ ಮಾಡಬಾರದು, ಅಪಘಾತವನ್ನು ತಾನಾಗಿ ತಿಳಿಸಿದ ಚಾಲಕನಿಗೆ ಆ ಕಾರಣಕ್ಕೆ ಶಿಕ್ಷೆ ಕೂಡದು ಅಂತ ಒಂದು ಸಾಲು ಬರೆದರೆ ಪ್ರಯಾಣಿಕರಿಗೂ ಒಳ್ಳೆಯದು.

ಈಗ ಪೊಲೀಸ್ ಠಾಣೆಯ ವಿಷಯ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಅಪಘಾತದ ಮೊದಲ ವರದಿ 48 ಗಂಟೆಯಲ್ಲಿ, ಮಧ್ಯಂತರ ವರದಿ 50 ದಿನದಲ್ಲಿ, ಪೂರ್ತಿ ವರದಿ 90 ದಿನದಲ್ಲಿ, ಅಪಘಾತದ ಪರಿಹಾರ ತೀರ್ಮಾನಿಸುವ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಹೋಗಬೇಕು. 2022ರ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪಾಲಿಸಲೇಬೇಕು ಅಂತ ಹೇಳಿತು. ಈ ವರದಿಗಳ ಜೊತೆ ಚಾಲಕನಿಗೊಂದು ಫಾರ್ಮ್ ಇದೆ, ಮಾಲೀಕನಿಗೊಂದು ಇದೆ, ಗಾಯಾಳುವಿಗೊಂದು, ವಿಮಾ ಕಂಪನಿಗೊಂದು. ಆ್ಯಪ್ ಕಂಪನಿಗೆ ಅಂತ ಒಂದು ಫಾರ್ಮ್ ಇಲ್ಲ. ಯಾವ ಗಾಡಿ, ಯಾರು ಓಡಿಸುತ್ತಿದ್ದರು, ಎಲ್ಲಿಂದ ಎಲ್ಲಿಗೆ ಅನ್ನುವುದೆಲ್ಲ ನಿಖರವಾಗಿ ಗೊತ್ತಿರುವವರನ್ನೇ ಯಾರೂ ಕೇಳುತ್ತಿಲ್ಲ.

ದಾಖಲೆ ಇಟ್ಟುಕೊಳ್ಳುವ ಅವಧಿಯೂ ಚಿಂತೆಯ ವಿಷಯ. 2020ರ ಮಾರ್ಗಸೂಚಿಯಲ್ಲಿ ಆ್ಯಪಿನ ಮಾಹಿತಿಯನ್ನು ಕನಿಷ್ಠ 3 ತಿಂಗಳು, ಗರಿಷ್ಠ 24 ತಿಂಗಳು ಇಡಬೇಕು ಅಂತಿತ್ತು. ಮುರಿದ ಎಲುಬು ಕೂಡಿ, ಡಾಕ್ಟರು ಊನದ ಪ್ರಮಾಣಪತ್ರ ಬರೆಯುವ ಹೊತ್ತಿಗೇ 3 ತಿಂಗಳು ದಾಟಿರುತ್ತದೆ. ಕೇಸಂತೂ ವರ್ಷಗಟ್ಟಲೆ ನಡೆಯುತ್ತದೆ. ಅಲ್ಲಿ ಸೋತವರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹಾಕುತ್ತಾರೆ. ಸಾಕ್ಷಿ ಬೇಕಾದಾಗ ಅದು ಅಳಿಸಿಹೋಗಿದ್ದರೆ ಯಾವ ಕೋರ್ಟ್ ಆದೇಶ ತಂದು ಏನು ಪ್ರಯೋಜನ?

ಹಾಗಾಗಿ ಸಚಿವರೇ, ನಿಮ್ಮ ಇಲಾಖೆಯಿಂದ ನನಗೆ ಬೇಕಾದದ್ದು ಇದು. ಬುಕಿಂಗ್ ಒಪ್ಪಿದ ಕೂಡಲೇ ಫೋನಿನಲ್ಲಿ ಗಾಡಿಯ ನಂಬರಿನ ಕೆಳಗೆ ವಿಮಾ ಕಂಪನಿಯ ಹೆಸರು, ಪಾಲಿಸಿ ಮುಗಿಯುವ ದಿನ, ಪ್ರಯಾಣಿಕರ ವಿಮೆಯ ನಂಬರ್ ಕಾಣಬೇಕು. ಕನ್ನಡದಲ್ಲಿ ಕಾಣಬೇಕು. ಪಾಲಿಸಿ ಮುಗಿದ ಗಾಡಿಗೆ ಬುಕಿಂಗೇ ಹೋಗಬಾರದು. ಗಾಡಿ ನಂಬರ್ ಹಾಕಿದರೆ ವಿಮೆ ಚಾಲ್ತಿಯಲ್ಲಿದೆಯೋ ಇಲ್ಲವೋ ಅಂತ ಸರ್ಕಾರದ ವಾಹನ್ ದಾಖಲೆಯಲ್ಲೇ ಗೊತ್ತಾಗುತ್ತದೆ. ಇಷ್ಟು ದೊಡ್ಡ ಕಂಪನಿಗಳಿಗೆ ಅದನ್ನು ದಿನವೂ ನೋಡುವುದು ಕಷ್ಟದ ಕೆಲಸವಲ್ಲ. ಅಪಘಾತವಾದ ಮೇಲೆ ಪೊಲೀಸರ ಮೊದಲ ವರದಿಗೆ ಇರುವ 48 ಗಂಟೆಯೊಳಗೇ ಕಂಪನಿಯ ಟ್ರಿಪ್ ದಾಖಲೆಯೂ ಠಾಣೆಗೆ ತಲುಪಬೇಕು. ಗಾಯಾಳು ಅಥವಾ ಮನೆಯವರು ಕೇಳಿದರೆ ಪುಕ್ಕಟೆಯಾಗಿ ಕೊಡಬೇಕು. ಕೇಸು ಮುಗಿಯುವವರೆಗೆ ಅಳಿಸಬಾರದು. ಇಷ್ಟನ್ನೂ ಮಾಡದ ಕಂಪನಿಯ ಲೈಸೆನ್ಸನ್ನು ನವೀಕರಿಸಬೇಡಿ.

ಜಿಲ್ಲಾಧಿಕಾರಿಗಳೇ, ಇದಕ್ಕೆಲ್ಲ ಬೆಂಗಳೂರಿನಿಂದ ಆದೇಶ ಬರುವವರೆಗೆ ಕಾಯಬೇಕಿಲ್ಲ. ಆ್ಯಪ್ ಕಂಪನಿಗಳ ಪ್ರತಿನಿಧಿಗಳನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ಕರೆಯಿರಿ. ಹುಬ್ಬಳ್ಳಿ-ಧಾರವಾಡಕ್ಕೆ ಒಬ್ಬ ಜವಾಬ್ದಾರಿಯುತ ಮನುಷ್ಯನ ಹೆಸರು, ಫೋನ್ ನಂಬರ್ ಕೊಡಿ ಅಂತ ಕೇಳಿ. ಆ ನಂಬರ್ ಪ್ರತಿ ಸಂಚಾರ ಠಾಣೆಯಲ್ಲೂ, ತುರ್ತು ಚಿಕಿತ್ಸಾ ವಿಭಾಗ ಇರುವ ಪ್ರತಿ ಆಸ್ಪತ್ರೆಯಲ್ಲೂ ಇರಲಿ. ಈಗ ನಮ್ಮ ಊರಲ್ಲಿ ಅವರ ಗಾಡಿಗಳು ಓಡುತ್ತವೆ, ಉತ್ತರ ಕೊಡಲು ಒಬ್ಬ ಮನುಷ್ಯ ಸಿಗುವುದಿಲ್ಲ. ಪಿ.ಬಿ. ರಸ್ತೆಯಲ್ಲಿ ನಡುವೆ ಚಿಗರಿ ಬಸ್ಸು, ಪಕ್ಕದಲ್ಲಿ ಲಾರಿ, ಆಟೊ, ಬೈಕು ಎಲ್ಲ ಒಟ್ಟಿಗೆ ಓಡುತ್ತವೆ. ಅಲ್ಲಿ ಅಪಘಾತವೇ ಆಗುವುದಿಲ್ಲ ಅಂತ ನಾವ್ಯಾರೂ ಹೇಳುವಂತಿಲ್ಲ.

ಈ ಪತ್ರ ಓದುತ್ತಿರುವ ಊರಿನವರಿಗೂ ಕೆಲವು ಮಾತು. ಆ್ಯಪ್ ಗಾಡಿಯಲ್ಲಿ ಏನಾದರೂ ಆದರೆ ಒಟಿಪಿ ಬಂದ ಮೆಸೇಜ್, ಬುಕಿಂಗ್ ಪುಟ, ಹಣ ಕೊಟ್ಟಿದ್ದರೆ ಯುಪಿಐ ರಸೀದಿ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಗಾಡಿಯ ನಂಬರ್ ಪ್ಲೇಟಿನ ಫೋಟೊ ಇರಲಿ. ಬುಕಿಂಗ್ ಕ್ಯಾನ್ಸಲ್ ಮಾಡಿ ನಗದು ಕೊಡಿ ಅಂತ ಚಾಲಕ ಕೇಳಿದರೆ ಒಪ್ಪಬೇಡಿ. ಉಳಿಯುವ ಹತ್ತು ರೂಪಾಯಿಗಿಂತ ಆ ದಾಖಲೆ ದೊಡ್ಡದು. ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳಿ, ಆ್ಯಪಿನ ಹೆಸರನ್ನೂ ಬರೆಸಿ. ರಸ್ತೆಯಲ್ಲೇ ಐದು ಸಾವಿರ, ಹತ್ತು ಸಾವಿರ ಕೊಟ್ಟು ಮುಗಿಸೋಣ ಅಂದರೆ ಸಹಿ ಹಾಕಬೇಡಿ. ಒಳಗಿನ ಪೆಟ್ಟು ಎರಡು ದಿನ ಬಿಟ್ಟು ಗೊತ್ತಾಗುತ್ತದೆ.

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ದಾಖಲಾಗುವಾಗಲೇ ಕೇಳಿ. ತಪ್ಪು ಯಾರದು ಅಂತ ಸಾಬೀತು ಮಾಡದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ ದಾರಿ ಕಾಯ್ದೆಯ 164ನೇ ಕಲಮಿನಲ್ಲಿದೆ. ಜಾಸ್ತಿ ಪರಿಹಾರಕ್ಕೆ 166ನೇ ಕಲಮಿನಡಿ ಅರ್ಜಿ ಹಾಕಬೇಕು. ಅದಕ್ಕೆ ಅಪಘಾತದ ದಿನದಿಂದ 6 ತಿಂಗಳು ಅನ್ನುವ ಗಡುವಿದೆ. ಆ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೂ ಆ ಕೇಸನ್ನು ನಂಬಿ ಕೂರಬೇಡಿ. ಗದಗ, ಹಾವೇರಿ ಕಡೆಯವರು ಹುಬ್ಬಳ್ಳಿಯಲ್ಲಿ ಅಪಘಾತಕ್ಕೆ ಸಿಕ್ಕಿದರೆ ಹುಬ್ಬಳ್ಳಿಗೇ ಅಲೆಯಬೇಕಿಲ್ಲ, ತಾವಿರುವ ಊರಿನ ಟ್ರಿಬ್ಯುನಲ್ಲಿನಲ್ಲೂ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ.

ಸಚಿವರೇ, ಜಿಲ್ಲಾಧಿಕಾರಿಗಳೇ, ಈ ಪತ್ರದ ಪ್ರತಿಯನ್ನು ನಿಮ್ಮ ಕಚೇರಿಗಳಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಸಾರಿಗೆ ಪ್ರಾಧಿಕಾರದ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ. ಪ್ರಯಾಣಿಕರ ಪರವಾಗಿ ಮಾತಾಡಲು ಯಾರಾದರೂ ಬೇಕಿದ್ದರೆ ನಾನು ಬರುತ್ತೇನೆ. ಸಭೆ ನೆಲಮಹಡಿಯಲ್ಲಿದ್ದರೆ ಅಕ್ಕನೂ ಬರುತ್ತಾಳೆ.

ಇಂತಿ,
ಎಂವಿಸಿ ಅರ್ಜಿ ಟೈಪ್ ಮಾಡುವ ಒಬ್ಬ ಹೆಣ್ಣುಮಗಳು
ನವನಗರ, ಹುಬ್ಬಳ್ಳಿ